ಆದಿಸಭೆಯಲ್ಲಿ, ಅಂದರೆ ಮೊದಲ ಕ್ರೈಸ್ತರ ಆರಾಧನೆಯಲ್ಲಿ, ವಾದ್ಯ ಇರಲಿಲ್ಲವೇ? ಇರಲಿಲ್ಲವೆಂದರೆ ಏಕೆ?

ನೇತ್ರಾವತಿ ದಡ
ನಮ್ಮ ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಭಾನುವಾರದ ಆರಾಧನೆಗೆ ಬರಿಯ ಗಂಟಲೇ ಗತಿ. ಮೊದಲ ವಾರ ಹಾಡು ಎತ್ತಿಕೊಂಡವರು ಶ್ರುತಿಯನ್ನು ಬಹಳ ಮೇಲೆ ಹಿಡಿದರು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಜನ ಸುಮ್ಮನಾಗಿದ್ದರು. ನನಗೆ ಅಳುವೇ ಬಂದಂತಾಯಿತು. ಮರುವಾರ ಹಿಂದಿನ ಬೆಂಚಿನ ಅಜ್ಜಿಯೊಬ್ಬರು ತಗ್ಗಿನಲ್ಲಿ ಎತ್ತಿಕೊಂಡರು, ಎಲ್ಲರೂ ಸೇರಿಕೊಂಡರು. ಇಪ್ಪತ್ತು ವರ್ಷಗಳಿಂದ ಪಕ್ಕದಲ್ಲಿ ಕೂರುತ್ತಿರುವವರ ದನಿ ಎಂಥದ್ದು ಎಂದು ನನಗೆ ಅಂದೇ ತಿಳಿದದ್ದು.

ಆಮೇಲೆ ಜಗಲಿಯಲ್ಲಿ ಮಾತು ಬೆಳೆಯಿತು. ಹಿರಿಯರೊಬ್ಬರು, "ಮೊದಲ ಕ್ರೈಸ್ತರು ಹಾಡಿದ್ದೇ ಹೀಗೆ. ಅವರಿಗೆ ವಾದ್ಯವೆಂದರೆ ಪಾಪ" ಎಂದರು. ಇನ್ನೊಬ್ಬರು ದಾವೀದನ ಕಿನ್ನರಿಯನ್ನು ನೆನಪಿಸಿ ಎದ್ದು ನಿಂತರು. ಚಹಾ ಆರಿಹೋದರೂ ಮಾತು ಮುಗಿಯಲಿಲ್ಲ. ತಿಳಿದವರು ಹೇಳಿ: ನಿಜಕ್ಕೂ ವಾದ್ಯ ಇರಲಿಲ್ಲವೇ? ಇರದಿದ್ದರೆ ಯಾರಾದರೂ ನಿಷೇಧಿಸಿದ್ದರೇ, ಅಥವಾ ಸುಮ್ಮನೆ ಇರಲಿಲ್ಲವೇ? ನನಗೆ ಈ ಎರಡು ಒಂದೇ ಅನ್ನಿಸುವುದಿಲ್ಲ.

ಹಂಚಿನ ಮನೆ
ಬೈಬಲಿನ 150ನೆಯ ಕೀರ್ತನೆ ತೆಗೆದು ಓದಿ. ಸ್ವರಮಂಡಲ, ಕಿನ್ನರಿ, ದಮ್ಮಡಿ, ತಾಳ ಎಲ್ಲವೂ ಇವೆ. ಚರ್ಚೆಗೆ ಜಾಗವೇ ಇಲ್ಲ.

ಹಳೆಯ ಓಲೆ
ಜಾಗ ಇದೆ, ಹಂಚಿನ ಮನೆಯವರೇ. ಅದು ಯೆರೂಸಲೇಮಿನ ದೇವಾಲಯದ ಲೋಕದ ಹಾಡು. ಅಲ್ಲಿ ವಾದ್ಯ ನುಡಿಸುವುದು ದೇವಾಲಯದ ಸೇವೆಯ ಕುಲದವರಾದ ಲೇವಿಯರ ಕೆಲಸ, ಅದೂ ಬಲಿಯ ಜೊತೆಗೆ. ಎರಡನೆಯ ಪೂರ್ವಕಾಲವೃತ್ತಾಂತದ 29ನೆಯ ಅಧ್ಯಾಯ ನೋಡಿ. ಸರ್ವಾಂಗಹೋಮ ಶುರುವಾದಾಗ ಹಾಡೂ ತುತೂರಿಯೂ ಶುರುವಾಗುತ್ತವೆ, ಹೋಮ ಮುಗಿಯುವವರೆಗೆ ನಡೆಯುತ್ತವೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಕೆಡವಿತು. ಬಲಿ ನಿಂತಿತು, ಅದರೊಂದಿಗೆ ಲೇವಿಯರ ವಾದ್ಯಮೇಳವೂ ನಿಂತಿತು.

ಕ್ರೈಸ್ತರು ಸೇರುತ್ತಿದ್ದದ್ದು ಮನೆಗಳಲ್ಲಿ, ಊಟದ ಸುತ್ತ. ಕೊನೆಯ ಭೋಜನವಾದ ಮೇಲೆ ಯೇಸುವೂ ಶಿಷ್ಯರೂ ಒಂದು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು ಎಂದು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಯಲ್ಲಿ ನಡುರಾತ್ರಿ ಹಾಡಿದಾಗ ಕಾಲುಗಳು ಕೋಳದಲ್ಲಿದ್ದವು. ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಒಂದು ಕಾಗದ ಬರೆದ. ಈ ಜನ ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮುನ್ನ ಕೂಡಿ, ಕ್ರಿಸ್ತನನ್ನು ದೇವರೆಂಬಂತೆ ಒಬ್ಬರಿಗೊಬ್ಬರು ಸರದಿಯಲ್ಲಿ ಹಾಡುತ್ತಾರೆ ಎಂಬುದು ಅವನ ವರದಿ. ವಿಷಯ ಹೊರಡಿಸಲು ಅವನು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದ್ದ. ಅಷ್ಟು ಕೆದಕಿದವನು ವಾದ್ಯದ ಮಾತನ್ನೇ ಎತ್ತಿಲ್ಲ.

ಸುಮಾರು 197ರಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಸಭೆಯವರು ಕೂಡಿ ಉಣ್ಣುವ ಪ್ರೀತಿಭೋಜನವನ್ನು ವರ್ಣಿಸುತ್ತಾರೆ. ಊಟವಾಗುತ್ತದೆ, ಕೈ ತೊಳೆಯುತ್ತಾರೆ, ದೀಪ ತರುತ್ತಾರೆ. ಆಮೇಲೆ ಒಬ್ಬೊಬ್ಬರನ್ನೂ ನಡುವೆ ಕರೆದು, ಶಾಸ್ತ್ರದಿಂದಲೋ ಸ್ವಂತ ಮನಸ್ಸಿನಿಂದಲೋ ದೇವರಿಗೆ ಒಂದು ಹಾಡು ಹಾಡಲು ಹೇಳುತ್ತಾರೆ. ನನಗೆ ಬಹಳ ಇಷ್ಟವಾದ ಚಿತ್ರ ಇದು. ಅಲ್ಲಿ ಗಾಯಕವೃಂದವಿಲ್ಲ, ಕೈ ತೊಳೆದುಕೊಂಡು ಬಂದ ಮನುಷ್ಯನೊಬ್ಬ ನಿಂತು ಹಾಡುತ್ತಾನೆ.

ಧಾತುಪಾಠ
ಪೌಲನ ಗ್ರೀಕ್ ಬೇರೆಯದನ್ನೇ ಹೇಳುತ್ತದಲ್ಲ? ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದ 19ನೆಯ ವಚನದಲ್ಲಿ ಬರುವ ಕ್ರಿಯಾಪದ 'ಪ್ಸಾಲ್ಲೊ'. ಅದರ ಮೂಲ ಅರ್ಥ ತಂತಿಯನ್ನು ಮೀಟುವುದು. ಮೀಟುವ ಪದವನ್ನೇ ಬಳಸಿದ ಮೇಲೆ ವಾದ್ಯವಿರಲಿಲ್ಲ ಎನ್ನುವುದು ಹೇಗೆ?

ಹಳೆಯ ಓಲೆ
ಧಾತು ಎಲ್ಲಿಂದ ಬಂತು ಎಂಬುದೇ ಅರ್ಥವಲ್ಲ, ಧಾತುಪಾಠದವರೇ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದ ಹೊತ್ತಿಗಾಗಲೇ ಆ ಪದ 'ಕೀರ್ತನೆ ಹಾಡು' ಎಂಬಲ್ಲಿಗೆ ಬಂದಿತ್ತು. ಪೌಲನೇ ಅಲ್ಲಿ 'ಹೃದಯದಲ್ಲಿ' ಎಂದು ಸೇರಿಸುತ್ತಾನೆ. ಇಂದಿನ ಗ್ರೀಕ್ ಸಭೆಯಲ್ಲಿ 'ಪ್ಸಾಲ್ಟಿಸ್' ಎಂದರೆ ಹಾಡುವವನು, ಮತ್ತು ಆ ಸಂಪ್ರದಾಯದಲ್ಲಿ ವಾದ್ಯವೇ ಇಲ್ಲ. ಭಾಷೆಯ ಮಕ್ಕಳೇ ಆ ಪದವನ್ನು ಹೀಗೆ ಉಳಿಸಿಕೊಂಡಿರುವಾಗ ನಿಘಂಟಿನ ಮೊದಲ ಸಾಲು ಹಿಡಿದು ನಾವು ತೀರ್ಪು ಕೊಡುವುದು ಬೇಡ.

ಧಾತುಪಾಠ
ಹೃದಯದಲ್ಲಿ ಎಂಬುದನ್ನು ಒಪ್ಪಿದೆ. ಆದರೆ ಆ ಪದ ವಾದ್ಯವನ್ನು ಹೊರಗಿಡುತ್ತದೆ ಎಂದೂ ಹೇಳಲಾಗದು. ಅದರ ಆಧಾರದ ಮೇಲೆ ಎರಡು ಕಡೆಯವರೂ ಗೋಡೆ ಕಟ್ಟಬಾರದು.

ಹಳೆಯ ಓಲೆ
ಅದು ಸರಿ.

ಬೆಳಗಿನ ಗಂಟೆ
ನೇತ್ರಾವತಿಯವರ ಸಭೆಯ ಹಿರಿಯರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೊದಲ ಶತಮಾನಗಳ ಕ್ರೈಸ್ತ ಗುರುಗಳಾದ ಸಭಾಪಿತೃಗಳು ವಾದ್ಯವನ್ನು ಖಂಡಿಸಿದ್ದು ಒಂದೆರಡು ಕಡೆಯಲ್ಲ. ಕೊಳಲು ವಿಗ್ರಹಾರಾಧಕರಿಗೆ ಇರಲಿ, ನಮಗೆ ಶಾಂತಿಯ ಒಂದೇ ವಾದ್ಯವಾದ ದೇವರ ವಾಕ್ಯ ಸಾಕು ಎಂಬುದು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಅವರ ನಿಲುವು. ಜೆರೋಮ್ ಅವರು ಲೇತಾ ಎಂಬ ತಾಯಿಗೆ ಮಗಳನ್ನು ಬೆಳೆಸುವ ಬಗೆಯನ್ನು ಬರೆಯುವಾಗ, ಕೊಳಲು, ಲೈರ್ ಮತ್ತು ಕಿಥಾರ ಎಂಬ ತಂತಿವಾದ್ಯಗಳು ಯಾವುದಕ್ಕೆ ಹುಟ್ಟಿದವು ಎಂಬುದೇ ಆ ಮಗುವಿಗೆ ತಿಳಿಯದಿರಲಿ ಎನ್ನುತ್ತಾರೆ. ಇಸ್ರಾಯೇಲರಿಗೆ ವಾದ್ಯವನ್ನು ಬಿಟ್ಟುಕೊಟ್ಟದ್ದು ಅವರ ಬಲಹೀನತೆಯ ಕಾರಣಕ್ಕೆ ಎಂದು ಕ್ರಿಸೊಸ್ಟೊಮ್ ಅವರೂ ಥಿಯೊಡೊರೆಟ್ ಅವರೂ ವಿವರಿಸುತ್ತಾರೆ. ಇಷ್ಟಾದ ಮೇಲೂ 'ಸುಮ್ಮನೆ ಇರಲಿಲ್ಲ' ಎನ್ನುವುದು ನ್ಯಾಯವಲ್ಲ. ಅವರಿಗೆ ಅದು ನಂಬಿಕೆಯ ವಿಷಯ.

ಶ್ರುತಿಪೆಟ್ಟಿಗೆ
ಅವೆಲ್ಲ ನಿಜ. ಆದರೆ ಆ ಮಾತುಗಳನ್ನು ಎಲ್ಲಿ, ಯಾವುದರ ಬಗ್ಗೆ ಆಡಿದರು? ಜೇಮ್ಸ್ ಮೆಕಿನ್ನನ್ ಎಂಬ ಸಂಗೀತ ಇತಿಹಾಸಕಾರರು 1965ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನೇ ಹುಡುಕಿದರು. ಸಭಾಪಿತೃಗಳು ಬೈದದ್ದು ನಾಟಕಶಾಲೆಯ, ಔತಣಕೂಟದ, ಮದುವೆ ಮೆರವಣಿಗೆಯ ವಾದ್ಯಗಳನ್ನು. ಸಭೆಯೊಳಗೆ ಯಾರೋ ವಾದ್ಯ ತಂದರು, ಹೊರಗೆ ಹಾಕಿ ಎಂದು ಗದರಿದ ಮಾತು ಅವುಗಳಲ್ಲಿ ಸಿಗುವುದಿಲ್ಲ. ತರುವ ಯೋಚನೆಯೇ ಯಾರಿಗೂ ಇರಲಿಲ್ಲವೆಂದು ತೋರುತ್ತದೆ. ಅಂದರೆ ಬಯಲಿನಲ್ಲಿ ವಾದ್ಯದ ಮೇಲಿನ ಸಿಟ್ಟು, ಸಭೆಯೊಳಗೆ ಕಂಠದ ಹಾಡು. ಇವೆರಡೂ ಅಕ್ಕಪಕ್ಕ ಬೆಳೆದವು, ಒಂದು ಇನ್ನೊಂದನ್ನು ಹೆತ್ತದ್ದಲ್ಲ.

ಬೆಳಗಿನ ಗಂಟೆಯವರು ಹೇಳಿದ ಕ್ಲೆಮೆಂಟ್ ಅವರ ಅಧ್ಯಾಯವೇ ಔತಣಕೂಟದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದರ ಬಗ್ಗೆ. ಅದೇ ಅಧ್ಯಾಯದಲ್ಲಿ, ಕಿಥಾರಕ್ಕೋ ಲೈರಿಗೋ ಹಾಡಲು ನಿಮಗೆ ತಿಳಿದಿದ್ದರೆ ದೋಷವಿಲ್ಲ ಎಂಬ ಅರ್ಥದ ಮಾತೂ ಇದೆ. ಅರ್ಧವನ್ನು ಮಾತ್ರ ಎತ್ತಿ ಹೇಳಿದರೆ ಕ್ಲೆಮೆಂಟ್ ಅವರಿಗೇ ಅನ್ಯಾಯ.

ಬೆಳಗಿನ ಗಂಟೆ
ಆ ಸಾಲನ್ನು ನಾನು ಓದಿದ್ದೇನೆ, ಹೇಳಬೇಕಾಗಿತ್ತು, ಬಿಟ್ಟದ್ದು ತಪ್ಪು. ಆದರೆ ಕ್ರಿಸೊಸ್ಟೊಮ್ ಅವರ ವಿವರಣೆ ಔತಣಕೂಟದ್ದಲ್ಲ, ಕೀರ್ತನೆಗಳ ವ್ಯಾಖ್ಯಾನದ್ದು. ಕೀರ್ತನೆಯಲ್ಲಿ ಕಿನ್ನರಿ ಬಂದಾಗ "ನಮಗೇಕೆ ಇಲ್ಲ?" ಎಂದು ಕೇಳುವವರಿಗೆ ಉತ್ತರ ಕೊಡುತ್ತಿದ್ದಾರೆ. ಅದು ಆರಾಧನೆಗೆ ಸಂಬಂಧಿಸಿದ ಮಾತೇ.

ಶ್ರುತಿಪೆಟ್ಟಿಗೆ
ಸಂಬಂಧಿಸಿದ್ದೇ, ಒಪ್ಪುತ್ತೇನೆ. ಆದರೆ ಅದು ಇದ್ದ ಪದ್ಧತಿಗೆ ಮುನ್ನೂರು ವರ್ಷಗಳ ನಂತರ ಕೊಟ್ಟ ಕಾರಣ. ನಮ್ಮ ಮನೆಗಳಲ್ಲಿಯೂ ಹೀಗೆ ತಾನೇ? ಅಜ್ಜಿ ಒಂದನ್ನು ಮಾಡುತ್ತಿದ್ದರು, ಏಕೆ ಎಂಬುದನ್ನು ಮೊಮ್ಮಕ್ಕಳು ಹೇಳುತ್ತಾರೆ.

ನೇತ್ರಾವತಿ ದಡ
ಹಾಗಾದರೆ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಯಾರೂ ನಿಷೇಧಿಸಿರಲಿಲ್ಲವೆಂದರೆ ಯಾರೂ ತರಲಿಲ್ಲವೇಕೆ? ಸುತ್ತಲೂ ವಾದ್ಯಗಳಿದ್ದ ಲೋಕ ಅಲ್ಲವೇ ಅದು?

ಕಲ್ಲುಚಪ್ಪಡಿ
ಸುತ್ತಲೂ ಇದ್ದದ್ದೇ ಒಂದು ಕಾರಣ. ರೋಮಿನ ಬಲಿಯಲ್ಲಿ ಪುರೋಹಿತ ಪ್ರಾರ್ಥನೆ ಹೇಳುವಾಗ ಪಕ್ಕದಲ್ಲಿ ಒಬ್ಬ ಕೊಳಲೂದುತ್ತಾ ನಿಲ್ಲುತ್ತಿದ್ದ. ಅಪಶಕುನದ ಸದ್ದೇನಾದರೂ ಕಿವಿಗೆ ಬಿದ್ದರೆ ಬಲಿ ಕೆಡುತ್ತದೆ, ಅದಕ್ಕೆ ಬೇರೆ ಸದ್ದು ಕೇಳದಂತೆ ಊದುವುದು. ಕಿಬೆಲೆ ದೇವಿಯ ಮೆರವಣಿಗೆಯಲ್ಲಿ ತಮಟೆ, ತಾಳ, ಫ್ರಿಜಿಯದ ಕೊಳಲು. ಬಲಿಪೀಠದ ಮುಂದೆ ಚಿಟಿಕೆ ಧೂಪ ಹಾಕಲು ಒಪ್ಪದೆ ಸತ್ತ ಕ್ರೈಸ್ತರಿಗೆ ಆ ಕೊಳಲಿನ ದನಿ ಬರಿಯ ಸಂಗೀತವಾಗಿ ಕೇಳಿಸಲು ಸಾಧ್ಯವೇ? ನಾವು ಆ ಕಿವಿಗಳಿಂದ ಕೇಳಿ ನೋಡಬೇಕು.

ಇನ್ನೊಂದು ವಿಷಯ. ಇಂದು 'ಚರ್ಚಿನ ವಾದ್ಯ' ಎಂದೊಡನೆ ನೆನಪಾಗುವ ಆರ್ಗನ್ ಆಗ ಕುಸ್ತಿಕಣದ ವಾದ್ಯ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ನೀರಿನ ಒತ್ತಡದ ಆರ್ಗನ್ ಮಾಡಿದ. ಲಿಬಿಯದ ಜ್ಲಿಟೆನ್ ಎಂಬಲ್ಲಿ ಸಿಕ್ಕಿದ ರೋಮನ್ ಮೊಸಾಯಿಕ್ ನೆಲಹಾಸಿನಲ್ಲಿ ಗ್ಲಾಡಿಯೇಟರುಗಳು ಹೊಡೆದಾಡುತ್ತಿದ್ದಾರೆ, ಪಕ್ಕದಲ್ಲಿ ಕೊಂಬು ಊದುವವರ ಜೊತೆ ಒಬ್ಬರು ಆರ್ಗನ್ ನುಡಿಸುತ್ತಿದ್ದಾರೆ. ರಕ್ತ ಹರಿಯುವ ಜಾಗದ ಹಿಮ್ಮೇಳ ಅದು.

ಹುಣಸೆ ಚಿಗುರು
ಆರ್ಗನ್ ಕುಸ್ತಿಕಣದ್ದೇ! ಇದನ್ನು ಇಂದು ಮನೆಯವರಿಗೆಲ್ಲ ಹೇಳುತ್ತೇನೆ.

ಹಳೆಯ ಓಲೆ
ಕಲ್ಲುಚಪ್ಪಡಿಯವರ ಮಾತಿಗೆ ಜಾಗದ ಲೆಕ್ಕವನ್ನೂ ಸೇರಿಸಬೇಕು. ಸಿರಿಯದ ಡೂರಾ ಯೂರೋಪೋಸಿನಲ್ಲಿ ಉತ್ಖನನವಾದ ಮನೆಸಭೆ ನಮಗೆ ಸಿಕ್ಕಿರುವ ಅಪರೂಪದ ಸಾಕ್ಷ್ಯ. ಸುಮಾರು 240ರ ದಶಕದಲ್ಲಿ ಒಂದು ಸಾಧಾರಣ ಮನೆಯ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ಉದ್ದ ಸುಮಾರು 13 ಮೀಟರ್, ಅಗಲ 5 ಮೀಟರ್. ಅಷ್ಟು ಜಾಗದಲ್ಲಿ ಆರೇಳು ಡಜನ್ ಜನ ಹಾಡಿದರೆ ಗೋಡೆಗಳೇ ದನಿಗೂಡಿಸುತ್ತವೆ. ಊರಿನ ಕೋಟೆಗೆ ಅಂಟಿದ ಬೀದಿ ಅದು.

ಬೆಳಗಿನ ಗಂಟೆ
ನನ್ನ ಮಟ್ಟಿಗೆ ಬಡತನ, ಜಾಗ, ಭಯ ಇವುಗಳಿಗಿಂತ ದೊಡ್ಡ ಕಾರಣ ಒಂದೇ ದನಿ ಎಂಬ ಆಸೆ. ಸುಮಾರು 110ರ ಹೊತ್ತಿಗೆ ಅಂತಿಯೋಕ್ಯದ ಇಗ್ನೇಷಿಯಸ್ ಅವರನ್ನು ರೋಮಿಗೆ ಕೊಲ್ಲಲು ಎಳೆದೊಯ್ಯುತ್ತಿದ್ದರು. ದಾರಿಯಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿ, ನಿಮ್ಮ ಹಿರಿಯರು ಬಿಷಪರೊಂದಿಗೆ ಕಿಥಾರದ ತಂತಿಗಳಂತೆ ಶ್ರುತಿಗೂಡಿದ್ದಾರೆ, ನೀವೆಲ್ಲ ಒಂದು ಮೇಳವಾಗಿ ಒಂದೇ ದನಿಯಲ್ಲಿ ತಂದೆಗೆ ಹಾಡಿರಿ ಎನ್ನುತ್ತಾರೆ. ನೋಡಿ, ಇಲ್ಲಿ ಕಿಥಾರ ಎಂದರೆ ಮನುಷ್ಯರೇ. ವಾದ್ಯ ಅವರ ಕಣ್ಣಿನಲ್ಲಿ ಹೇಯವಾಗಿದ್ದರೆ ಇಂಥ ಹೋಲಿಕೆ ಬರುತ್ತಿತ್ತೇ? ದೇಹವೇ ವಾದ್ಯ ಎಂದುಕೊಂಡವರು ಅವರು. ಮೇಲೆ ನಾನು ನಿಷೇಧದ ಪರವಾಗಿ ವಾದಿಸಿದೆ, ಈಗ ಅದನ್ನು ಸ್ವಲ್ಪ ಸಡಿಲಿಸುತ್ತೇನೆ.

ಅದ್ದಿಸ್ ಮೇಷ್ಟರು
ನಾನು ಇಥಿಯೋಪಿಯದಲ್ಲಿ ಆರು ವರ್ಷ ಗಣಿತ ಕಲಿಸಿದೆ. ಜನವರಿಯ ತಿಮ್ಕತ್ ಹಬ್ಬದಲ್ಲಿ ಅಲ್ಲಿನ ದೆಬ್ತೆರಾ ಎಂಬ ಸಭಾಗಾಯಕರು ಹಾಡುವುದನ್ನು ನೋಡಿದವರು 'ಹಳೆಯ ಸಭೆಯಲ್ಲಿ ವಾದ್ಯವೇ ಇಲ್ಲ' ಎನ್ನಲಾರರು. ಕೊರಳಿಗೆ ಕೆಬೆರೋ ಎಂಬ ದೊಡ್ಡ ಮದ್ದಳೆ, ಕೈಯಲ್ಲಿ ಗಿಲಕಿಯಂಥ ತ್ಸೆನಾತ್ಸಿಲ್, ಇನ್ನೊಂದು ಕೈಯಲ್ಲಿ ಪ್ರಾರ್ಥನೆಯ ಉದ್ದ ಕೋಲು. ಸಾಲು ಸಾಲಾಗಿ ನಿಂತು ತೂಗಾಡುತ್ತಾ ಗಂಟೆಗಟ್ಟಲೆ ಹಾಡುತ್ತಾರೆ. ಮೊದಲ ಸಲ ಕೇಳಿದಾಗ ಮೈಯೆಲ್ಲ ರೋಮಾಂಚನವಾಗಿತ್ತು. ಆ ಸಭೆ 4ನೆಯ ಶತಮಾನದಿಂದ ಇದೆ. ರೋಮನ್ ಲೋಕದ ಕೊಳಲಿನ ಕಥೆಯನ್ನು ಇಡೀ ಕ್ರೈಸ್ತ ಲೋಕದ ಕಥೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಶ್ರುತಿಪೆಟ್ಟಿಗೆ
ಒಳ್ಳೆಯ ಮಾತು, ಮೇಷ್ಟರೇ. ಒಂದೇ ತಿದ್ದುಪಡಿ: ಆ ಗಾಯನಪದ್ಧತಿಯನ್ನು ಅವರೇ 6ನೆಯ ಶತಮಾನದ ಸಂತ ಯಾರೆದ್ ಅವರಿಗೆ ಸಲ್ಲಿಸುತ್ತಾರೆ. ಕಾಪ್ಟಿಕ್ ಸಭೆಯಲ್ಲಿಯೂ ತಾಳ ಮತ್ತು ತ್ರಿಕೋನದ ಕಬ್ಬಿಣದ ವಾದ್ಯ ಇವೆ. ಇವುಗಳಿಂದ ಮೊದಲ ಎರಡು ಶತಮಾನಗಳ ಬಗ್ಗೆ ಹೇಳಲಾಗದು. ಆದರೆ ವಾದ್ಯ ಬಂದೊಡನೆ ಭಕ್ತಿ ಹೋಗುತ್ತದೆ ಎನ್ನುವವರಿಗೆ ನಿಮ್ಮ ಇಥಿಯೋಪಿಯ ಸಾಕಾದಷ್ಟು ಉತ್ತರ.

ಹುಣಸೆ ಚಿಗುರು
ವಿಷಯಾಂತರಕ್ಕೆ ಕ್ಷಮಿಸಿ. ಹೀಬ್ರೂವಿನ 'ಕಿನ್ನೋರ್', ನಮ್ಮ 'ಕಿನ್ನರಿ'. ಒಂದೇ ಮೂಲವೇ?

ಧಾತುಪಾಠ
ದನಿಯ ಸಾಮ್ಯವೊಂದರಿಂದಲೇ ನೆಂಟಸ್ತನ ಹೇಳಲಾಗದು. ಹೀಬ್ರೂವಿನದು ಬಹಳ ಹಳೆಯ ಸೆಮಿಟಿಕ್ ಪದ, ನಮ್ಮಲ್ಲಿ ಕಿನ್ನರರ ಕಥೆಯೇ ಬೇರೆ. ಆದರೆ ಕನ್ನಡ ಬೈಬಲಿನ ಅನುವಾದಕರು ಕಿನ್ನೋರಿಗೆ ಕಿನ್ನರಿಯನ್ನೇ ಆರಿಸಿಕೊಂಡದ್ದು ಕಿವಿಗೆ ಎಷ್ಟು ಹಿತವಾಗಿದೆ!

ಮಲೆನಾಡಿನ ಟೀಚರ್
ಇಷ್ಟು ಹೊತ್ತು ಓದಿದೆ. ಒಬ್ಬರೂ ಕೇಳದ ಪ್ರಶ್ನೆ: ಈ 'ಒಂದೇ ದನಿ'ಯಲ್ಲಿ ಹೆಂಗಸರ ದನಿ ಇತ್ತೇ? ನೇತ್ರಾವತಿಯವರ ಸಭೆಯಲ್ಲಿ ಹಾಡನ್ನು ಉಳಿಸಿದ್ದು ಒಬ್ಬ ಅಜ್ಜಿ. ನಾನು ಚಿಕ್ಕವಳಿದ್ದಾಗ ಒಂದು ಸಭೆಯಲ್ಲಿ ಹಾಡು ಎತ್ತಿಕೊಂಡದ್ದಕ್ಕೆ ಅಮ್ಮನನ್ನು ಆರಾಧನೆಯಾದ ಮೇಲೆ ಕರೆದು ಗದರಿದ್ದರು. ಆ ದಿನ ಅಮ್ಮ ಮನೆಗೆ ಬಂದು ಬಹಳ ಹೊತ್ತು ಸೀರೆ ಬದಲಿಸದೆ ಕುಳಿತಿದ್ದರು. ನಾನು ಅದನ್ನು ಮರೆತಿಲ್ಲ.

ಹಳೆಯ ಓಲೆ
ಟೀಚರ್, ಉತ್ತರ ಒಂದೇ ಬಗೆಯದಲ್ಲ. ಸಿರಿಯಾಕ್ ಸಭೆಯ ಎಫ್ರೇಮ್ ಅವರು 373ರಲ್ಲಿ ತೀರಿಕೊಂಡರು, ಎದೆಸ್ಸಾ ಪಟ್ಟಣದಲ್ಲಿ. ಅಲ್ಲಿ ಬರ್ದೈಸಾನ್ ಎಂಬ ಭಿನ್ನಮತದ ಬೋಧಕ ದಾವೀದನಂತೆ 150 ಹಾಡು ಕಟ್ಟಿ ಯುವಜನರನ್ನು ಸೆಳೆದಿದ್ದಾನೆಂದು ಎಫ್ರೇಮ್ ಅವರೇ ದೂರುತ್ತಾರೆ. ಹಾಡಿಗೆ ಹಾಡಿನಿಂದಲೇ ಉತ್ತರ ಎಂದು ತಾವೂ ಮದ್ರಾಷೆ ಎಂಬ ಪದ್ಯಗಳನ್ನು ಕಟ್ಟಿದರು, ಮತ್ತು ಅವುಗಳನ್ನು ಕಲಿಸಿದ್ದು ಹೆಂಗಸರ ಮೇಳಕ್ಕೆ. 521ರಲ್ಲಿ ತೀರಿಕೊಂಡ ಸರೂಗಿನ ಯಾಕೋಬ್ ಅವರು ಎಫ್ರೇಮ್ ಅವರನ್ನು ಕುರಿತು ಹಾಡುವಾಗ ಇದನ್ನೇ ಎತ್ತಿ ಹೊಗಳುತ್ತಾರೆ: ಹವ್ವಳಿಂದ ಮುಚ್ಚಿದ ಬಾಯಿ ಮರಿಯಳಿಂದ ತೆರೆಯಿತು ಎಂಬ ಧಾಟಿಯಲ್ಲಿ. ಎಫ್ರೇಮ್ ಅವರನ್ನು 'ಆತ್ಮನ ಕಿನ್ನರಿ' ಎಂದು ಕರೆಯುವುದು ರೂಢಿ.

ಇನ್ನೊಂದು ಮಗ್ಗುಲೂ ಇದೆ. 4ನೆಯ ಶತಮಾನದ ಲವೊದಿಕೀಯ ಸಭಾಸಮ್ಮೇಳನದ 15ನೆಯ ನಿಯಮದ ಪ್ರಕಾರ, ವೇದಿಕೆ ಹತ್ತಿ ಪುಸ್ತಕ ನೋಡಿ ಹಾಡುವ ನೇಮಿತ ಗಾಯಕರ ಹೊರತು ಬೇರೆ ಯಾರೂ ಸಭೆಯಲ್ಲಿ ಹಾಡಬಾರದು.

ಮಲೆನಾಡಿನ ಟೀಚರ್
ಅಂದರೆ ಗಂಟಲಿಗೂ ನಿಷೇಧ ಬಂತು! ಇಲ್ಲಿ ಮೇಲೆಲ್ಲ ವಾದ್ಯದ ನಿಷೇಧವನ್ನೇ ಹುಡುಕುತ್ತಿದ್ದೀರಿ. ಜನರ ಬಾಯಿ ಮುಚ್ಚಿಸಿದ ನಿಯಮದ ಬಗ್ಗೆ ಅಲ್ಲವೇ ನಾವು ಹೆಚ್ಚು ನೋಯಬೇಕಾದದ್ದು?

ಬೆಳಗಿನ ಗಂಟೆ
ಟೀಚರ್, ಆ ನಿಯಮ ಜನರ ಬಾಯಿ ಮುಚ್ಚಿಸಲಿಕ್ಕಲ್ಲ, ಹಾಡನ್ನು ಯಾರು ಎತ್ತಿಕೊಳ್ಳಬೇಕು ಎಂಬುದಕ್ಕೆ ಎಂದು ಓದುವವರೂ ಇದ್ದಾರೆ. ಅದೇ ಕಾಲದಲ್ಲಿ, ಸುಮಾರು 375ರಲ್ಲಿ, ಬಿಷಪ್ ಬೆಸಿಲ್ ಅವರು ನಿಯೋಕೈಸರಿಯದ ಗುರುಗಳಿಗೆ ಬರೆದ ಕಾಗದ ನೋಡಿ. ನಮ್ಮ ಜನ ರಾತ್ರಿಯೇ ಎದ್ದು ಪ್ರಾರ್ಥನೆಯ ಮನೆಗೆ ಬರುತ್ತಾರೆ, ಎರಡು ಗುಂಪಾಗಿ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾ ಹಾಡುತ್ತಾರೆ, ಆಮೇಲೆ ಒಬ್ಬನಿಗೆ ಎತ್ತಿಕೊಳ್ಳಲು ಬಿಟ್ಟು ಉಳಿದವರು ಹಿಂದಿನಿಂದ ಸೇರುತ್ತಾರೆ ಎನ್ನುತ್ತಾರೆ. ಇದು ಹೊಸತು ಎಂದು ಆಕ್ಷೇಪಿಸಿದವರಿಗೆ ಈಜಿಪ್ಟಿನಿಂದ ಯೂಫ್ರೆಟಿಸ್ ನದಿಯ ದಡದವರೆಗೂ ಹೀಗೆಯೇ ಎಂದು ಉತ್ತರಿಸುತ್ತಾರೆ. ನಮ್ಮ ಊರುಗಳ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಾಡುವ ಕ್ರಮವನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ನಿಮ್ಮ ತಾಯಿಗೆ ಆದದ್ದು ಓದಿ ಬೇಸರವಾಯಿತು.

ಮಲೆನಾಡಿನ ಟೀಚರ್
ಎತ್ತಿಕೊಳ್ಳುವವರು ಯಾರು ಎಂಬುದೇ ಅಮ್ಮನ ವಿಷಯದಲ್ಲಿಯೂ ಪ್ರಶ್ನೆಯಾದದ್ದು. ಇರಲಿ. ಹೊಲಗಳಲ್ಲಿ ಯಾರೂ ತಡೆದಿರಲಾರರು. ಪೌಲಾ ಮತ್ತು ಯೂಸ್ಟೋಕಿಯಂ ಎಂಬ ತಾಯಿ ಮಗಳು ಬೆತ್ಲೆಹೇಮಿನಿಂದ ಬರೆದ ಕಾಗದದಲ್ಲಿ ಉಳುವವನು ಅಲ್ಲೆಲೂಯ ಹಾಡುತ್ತಾನೆ, ಬೆವರು ಸುರಿಸುತ್ತಾ ಕೊಯ್ಯುವವನು ಕೀರ್ತನೆ ಹಾಡುತ್ತಾನೆ. ಕ್ರಿಸೊಸ್ಟೊಮ್ ಅವರೂ ಮಗು ತೂಗುವ ದಾದಿ, ಮಗ್ಗದ ಮುಂದಿನ ಹೆಂಗಸರು, ಹುಟ್ಟು ಹಾಕುವ ನಾವಿಕರು ಎಲ್ಲರೂ ಹಾಡುವುದನ್ನು ನೆನೆದೇ ಕೀರ್ತನೆಗಳ ಮಾತಿಗೆ ಬರುತ್ತಾರೆ. ವಾದ್ಯವಿಲ್ಲದ ಹಾಡಿನ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಕೈ ಕೆಲಸದಲ್ಲಿದ್ದವರು ಕೊಳಲು ಹಿಡಿಯುವುದೆಲ್ಲಿಂದ?

ನೇತ್ರಾವತಿ ದಡ
ಟೀಚರ್, ಈ ಕೊನೆಯ ಸಾಲನ್ನು ನಮ್ಮ ಅಜ್ಜಿಗೆ ಓದಿ ಹೇಳುತ್ತೇನೆ. ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು.

ಕೊಡಗಿನ ಮಳೆ
ಸಂತ ಅಗಸ್ಟೀನ್ ಅವರನ್ನು ಯಾರೂ ಕರೆಯಲಿಲ್ಲವಲ್ಲ. 386ರಲ್ಲಿ ಮಿಲಾನಿನಲ್ಲಿ ಸಾಮ್ರಾಜ್ಞಿ ಜಸ್ಟಿನಾ ಒಂದು ದೇವಾಲಯವನ್ನು ಏರಿಯನ್ ಪಂಥದವರಿಗೆ ಬಿಡಿಸಿಕೊಳ್ಳಲು ಸೈನಿಕರನ್ನು ಕಳುಹಿಸಿದಳು. ಬಿಷಪ್ ಆಂಬ್ರೋಸ್ ಅವರೊಂದಿಗೆ ಜನ ಒಳಗೇ ಕುಳಿತರು, ಅಗಸ್ಟೀನರ ತಾಯಿ ಮೋನಿಕಾ ಕೂಡ. ದುಃಖದಿಂದ ಜನ ಸೊರಗದಿರಲಿ ಎಂದು ಪೂರ್ವದೇಶದ ರೀತಿಯಲ್ಲಿ ಕೀರ್ತನೆ, ಸ್ತೋತ್ರಗೀತೆ ಹಾಡುವುದು ಅಲ್ಲಿ ಆಗ ಶುರುವಾಯಿತು ಎಂದು ಅಗಸ್ಟೀನ್ ಬರೆಯುತ್ತಾರೆ. ಮರುವರ್ಷ ಅವರೇ ದೀಕ್ಷಾಸ್ನಾನ ಪಡೆದು ಆ ಹಾಡು ಕೇಳಿ ಅತ್ತರು.

ಮುಂದೆ ಅದೇ ಮನುಷ್ಯ ಕಳವಳಪಡುತ್ತಾರೆ. ಹಾಡಿನ ಅರ್ಥಕ್ಕಿಂತ ದನಿ ನನ್ನನ್ನು ಹೆಚ್ಚು ಅಲುಗಿಸಿದರೆ ಅದು ನನ್ನ ಪಾಪ, ಆಗ ಕೇಳದಿರುವುದೇ ಲೇಸು ಎನ್ನುತ್ತಾರೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಅವರು ಕೀರ್ತನೆಯನ್ನು ಹಾಡಿಗಿಂತ ಮಾತಿಗೆ ಹತ್ತಿರವಾಗುವಷ್ಟು ಸಣ್ಣ ಏರಿಳಿತದಲ್ಲಿ ಓದಿಸುತ್ತಿದ್ದರಂತೆ, ಅದೇ ಕ್ಷೇಮವೇನೋ ಎಂದುಕೊಳ್ಳುತ್ತಾರೆ. ಆಮೇಲೆ ತಮ್ಮ ಕಣ್ಣೀರನ್ನು ನೆನೆದು ಹಾಡನ್ನು ಬಿಡಲಾರರು. ವಾದ್ಯವಿಲ್ಲದ ಬರಿಯ ಕಂಠದ ಬಗ್ಗೆಯೇ ಇಷ್ಟು ತಳಮಳ! ಕೀಬೋರ್ಡು ಬೇಕೇ ಬೇಡವೇ ಎಂಬುದಕ್ಕಿಂತ ಇದು ಆಳದ ಪ್ರಶ್ನೆ ಎಂದು ನನ್ನ ನಂಬಿಕೆ.

ಶ್ರುತಿಪೆಟ್ಟಿಗೆ
ಕೊಡಗಿನ ಮಳೆಯವರಿಗೆ ನಮಸ್ಕಾರ. ಆ ಭಾಗ ಓದಿದಾಗಲೆಲ್ಲ ನನಗೂ ಎದೆ ಹಿಡಿದಂತಾಗುತ್ತದೆ.

ಹಂಚಿನ ಮನೆ
ಆ ಹಾಡುಗಳ ರಾಗ ಏನಾದರೂ ಉಳಿದಿದೆಯೇ?

ಶ್ರುತಿಪೆಟ್ಟಿಗೆ
ಒಂದು ತುಣುಕು ಉಳಿದಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1922ರಲ್ಲಿ ಪ್ರಕಟವಾದ 1786ನೆಯ ಸಂಖ್ಯೆಯ ಪಪೈರಸ್. 3ನೆಯ ಶತಮಾನದ ಕೊನೆಯ ಭಾಗದ್ದು. ಒಂದು ಬದಿಯಲ್ಲಿ ಧಾನ್ಯದ ಲೆಕ್ಕ, ಹಿಂಬದಿಯಲ್ಲಿ ಗ್ರೀಕ್ ಸ್ವರಚಿಹ್ನೆಗಳೊಂದಿಗೆ ತ್ರಿಯೇಕ ದೇವರ ಸ್ತುತಿಗೀತೆಯ ಕೊನೆಯ ಸಾಲುಗಳು. ನಾವು ತಂದೆ, ಮಗ, ಪವಿತ್ರಾತ್ಮರನ್ನು ಹಾಡುವಾಗ ನಕ್ಷತ್ರಗಳೂ ನದಿಗಳೂ ಮೌನವಾಗಿರಲಿ, ಎಲ್ಲ ಶಕ್ತಿಗಳೂ ಆಮೆನ್ ಎನ್ನಲಿ ಎಂಬ ಭಾವ. ಧಾನ್ಯದ ಲೆಕ್ಕದ ಹಾಳೆಯನ್ನು ತಿರುಗಿಸಿ ಇದನ್ನು ಬರೆದುಕೊಂಡ ಕೈ ಯಾರದೋ!

ಗ್ರೀಕರಲ್ಲಿ ಕಂಠಕ್ಕೆ ಒಂದು ಬಗೆಯ ಸ್ವರಲಿಪಿ, ವಾದ್ಯಕ್ಕೆ ಇನ್ನೊಂದು. ಇಲ್ಲಿರುವುದು ಕಂಠದ್ದು.

ಧಾತುಪಾಠ
ಕಂಠದ ಲಿಪಿಯಲ್ಲಿದೆ ಎಂದ ಮಾತ್ರಕ್ಕೆ ಪಕ್ಕದಲ್ಲಿ ವಾದ್ಯ ಇರಲಿಲ್ಲ ಎಂದಾಗುವುದಿಲ್ಲ.

ಶ್ರುತಿಪೆಟ್ಟಿಗೆ
ಆಗುವುದಿಲ್ಲ. ನಾನೂ ಅಷ್ಟು ದೂರ ಹೋಗಿಲ್ಲ.

ಹುಣಸೆ ಚಿಗುರು
ಹಾಗಾದರೆ ವಾದ್ಯ ಒಳಗೆ ಬಂದದ್ದು ಯಾವಾಗ?

ಕಲ್ಲುಚಪ್ಪಡಿ
ಪಶ್ಚಿಮದಲ್ಲಿ ಬಹಳ ನಿಧಾನವಾಗಿ. 757ರಲ್ಲಿ ಬೈಜಾಂಟಿಯಂನ ಚಕ್ರವರ್ತಿ 5ನೆಯ ಕಾನ್‌ಸ್ಟಂಟೈನ್ ಫ್ರಾಂಕರ ಅರಸ ಪೆಪಿನನಿಗೆ ಒಂದು ಆರ್ಗನ್ ಉಡುಗೊರೆ ಕಳುಹಿಸಿದ. ಅದು ಅರಮನೆಗೆ ಬಂದದ್ದು, ದೇವಾಲಯಕ್ಕಲ್ಲ. ಆಮೇಲೆ ಮಠಗಳ ಮೂಲಕ ಒಳಗೆ ಬಂತು. ಆದರೂ 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅವರು ಸಭೆ ಕಿನ್ನರಿ, ಸ್ವರಮಂಡಲಗಳಂಥ ವಾದ್ಯಗಳನ್ನು ಸ್ತುತಿಗೆ ಬಳಸುವುದಿಲ್ಲ ಎಂದೇ ಬರೆಯುತ್ತಾರೆ. ಪೋಪರ ಸಿಸ್ಟೀನ್ ಪ್ರಾರ್ಥನಾಮಂದಿರದ ಗಾಯಕರು ವಾದ್ಯವಿಲ್ಲದೆಯೇ ಹಾಡುತ್ತಿದ್ದರು. ಈಗ ಕಾಲೇಜು ಹುಡುಗರ ಸ್ಪರ್ಧೆಗಳಲ್ಲಿ ಕೇಳುವ 'ಆ ಕಪೆಲ್ಲ' ಎಂಬ ಇಟಾಲಿಯನ್ ಮಾತಿನ ಅರ್ಥವೇ 'ಪ್ರಾರ್ಥನಾಮಂದಿರದ ರೀತಿಯಲ್ಲಿ'.

ಪ್ರೊಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಹಳೆಯ ಜಗಳ ಮರುಕಳಿಸಿತು. ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ ಅವರ ಕಾಲದಲ್ಲಿ ಆರಾಧನೆಯಲ್ಲಿ ಹಾಡೇ ನಿಂತಿತು, 1527ರಲ್ಲಿ ಆರ್ಗನನ್ನೇ ಕಳಚಿದರು. ಅವರೋ ಸ್ವತಃ ಹಲವು ವಾದ್ಯ ನುಡಿಸಬಲ್ಲ ಸಂಗೀತಗಾರರು. ಜಿನೀವಾದಲ್ಲಿ ಕ್ಯಾಲ್ವಿನ್ ಅವರು ಹಾಡನ್ನು ಉಳಿಸಿಕೊಂಡು ವಾದ್ಯವನ್ನು ಬಿಟ್ಟರು. 1562ರಲ್ಲಿ 150 ಕೀರ್ತನೆಗಳೂ ಛಂದಸ್ಸಿನಲ್ಲಿ ಮುದ್ರಣವಾದವು. ಸ್ಕಾಟ್ಲೆಂಡಿನ ಫ್ರೀ ಚರ್ಚ್ ವಾದ್ಯಕ್ಕೆ ಅನುಮತಿ ಕೊಟ್ಟದ್ದು 2010ರಲ್ಲಿ, ಅದೂ ಬಿಸಿಬಿಸಿ ಚರ್ಚೆಯ ಮೇಲೆ. ಅಮೆರಿಕದ ಚರ್ಚಸ್ ಆಫ್ ಕ್ರೈಸ್ಟ್ ಪಂಗಡ ಬೇರೆಯಾದದ್ದಕ್ಕೆ ಇದೂ ಒಂದು ಕಾರಣ. 1906ರ ಧಾರ್ಮಿಕ ಗಣತಿಯಲ್ಲಿ ಅವರನ್ನು ಪ್ರತ್ಯೇಕವಾಗಿ ಎಣಿಸಲಾಯಿತು.

ಹೊಸ ಕೊಡ
ನಾನು ಬ್ರದರನ್ ಸಭೆಯವನು. ನಾವು ರೊಟ್ಟಿ ಮುರಿಯುವ ಕೂಟದಲ್ಲಿ ವಾದ್ಯ ಬಳಸುವುದಿಲ್ಲ. ಸುವಾರ್ತಾ ಕೂಟಗಳಲ್ಲಿ ಬಳಸುತ್ತೇವೆ. ಯಾರಿಗಾದರೂ ಹಾಡು ಮನಸ್ಸಿಗೆ ಬಂದರೆ ಕುಳಿತಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ನಡುವೆ ಕೆಲವೊಮ್ಮೆ ಐದು ನಿಮಿಷ ಮೌನ. ಆ ಮೌನದಿಂದ ಒಂದು ದನಿ ಏಳುವ ಕ್ಷಣಕ್ಕಾಗಿಯೇ ನಾನು ವಾರವಿಡೀ ಕಾಯುತ್ತೇನೆ. ಆದರೆ ಇದೇ ಆದಿಸಭೆ, ಉಳಿದವರದು ಅಲ್ಲ ಎಂದು ನಮ್ಮಲ್ಲಿ ಕೆಲವರು ಹೇಳುವಾಗ ನನಗೆ ನೋವಾಗುತ್ತದೆ. ಇಲ್ಲಿನ ಚರ್ಚೆಯಿಂದ ನನಗೆ ಮಾತು ಸಿಕ್ಕಿತು.

ಹಂಚಿನ ಮನೆ
ಮೊದಲ ಉತ್ತರದಲ್ಲಿ ನಾನು ಬಾಗಿಲು ಮುಚ್ಚಿದಂತೆ ಮಾತನಾಡಿದೆ. 150ನೆಯ ಕೀರ್ತನೆಯ ಮೇಲಿನ ನನ್ನ ಪ್ರೀತಿ ಹಾಗೆಯೇ ಇದೆ, ತಬಲಾ ಇಲ್ಲದ ನಮ್ಮ ಬಲಿಪೂಜೆಯನ್ನು ನಾನು ಊಹಿಸಲಾರೆ. ಆದರೆ ಆ ತಬಲಾ ಒಳಗೆ ಬಂದದ್ದು ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ. 1903ರಲ್ಲಿ ಪೋಪ್ 10ನೆಯ ಪಿಯುಸ್ ಅವರು ಪಿಯಾನೋ, ಡೋಲು, ತಾಳಗಳನ್ನೇ ದೇವಾಲಯದಿಂದ ಹೊರಗಿಟ್ಟಿದ್ದರು. ನಮ್ಮ ಅಜ್ಜನ ಕಾಲದ ಕಟ್ಟಳೆ ಅದು, ನಾನು ಅನಾದಿ ಕಾಲದಿಂದ ಹೀಗೆಯೇ ಎಂದುಕೊಂಡಿದ್ದೆ.

ನೇತ್ರಾವತಿ ದಡ
ಎಲ್ಲರಿಗೂ ಕೃತಜ್ಞತೆಗಳು. ಸಭಾಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆ. "ಪಾಪ ಎಂದದ್ದು ಹೆಚ್ಚಾಯಿತು, ಆದರೆ ಹಾಡಿದ್ದು ಹೀಗೆಯೇ ಎಂಬುದು ಸುಳ್ಳಲ್ಲವಲ್ಲ" ಎಂದರು. ಸುಳ್ಳಲ್ಲ ಎಂದೆ. ಇನ್ನು ಒಂದು ಸಹಾಯ ಬೇಕು. ಕೀಬೋರ್ಡಿಗೆ ಬೇರೆ ಹುಡುಗಿ ಕಲಿಯುತ್ತಿದ್ದಾಳೆ, ಬರಲಿ. ಆದರೆ ತಿಂಗಳಿಗೊಂದು ಭಾನುವಾರ ಕಂಠದಿಂದಲೇ ಹಾಡೋಣ ಎಂದು ಒಪ್ಪಿದ್ದಾರೆ. ಹಾಡು ಬಾರದವರೂ ಸೇರುವಂಥದ್ದು ಏನಾದರೂ ಹೇಳಿ.

ಕೊಡಗಿನ ಮಳೆ
136ನೆಯ ಕೀರ್ತನೆ. 356ರ ಫೆಬ್ರುವರಿಯ ಒಂದು ರಾತ್ರಿ ಅಲೆಕ್ಸಾಂಡ್ರಿಯದಲ್ಲಿ ಜನ ಜಾಗರಣೆಯಲ್ಲಿದ್ದಾಗ ಐದು ಸಾವಿರಕ್ಕೂ ಹೆಚ್ಚು ಸೈನಿಕರು ದೇವಾಲಯವನ್ನು ಸುತ್ತುವರಿದರು ಎಂದು ಅಥನೇಸಿಯಸ್ ಅವರೇ ಬರೆದಿದ್ದಾರೆ. ಅವರು ಪೀಠದಿಂದ ಏಳಲಿಲ್ಲ. ಕೀರ್ತನೆ ಓದಲು ಸಭಾಸೇವಕನಿಗೆ ಹೇಳಿದರು, ಪ್ರತಿ ಸಾಲಿಗೂ ಜನ "ಆತನ ಕೃಪೆ ಶಾಶ್ವತ" ಎಂದು ಉತ್ತರ ಕೊಡುತ್ತಾ ಹೋದರು. 26 ವಚನ, 26 ಸಲ ಅದೇ ಮಾತು. ಪುಸ್ತಕ ಬೇಡ, ಓದು ಬಾರದವರೂ ಎರಡನೆಯ ಸಲಕ್ಕೆ ಕಲಿಯುತ್ತಾರೆ.

ಮಲೆನಾಡಿನ ಟೀಚರ್
ಓದುವ ಕೆಲಸ ಆ ಅಜ್ಜಿಗೆ ಕೊಡಿ.

ನೇತ್ರಾವತಿ ದಡ
ಕೇಳಿದೆ. ಕನ್ನಡಕ ಬದಲಿಸಬೇಕು, ಅಕ್ಷರ ಸಣ್ಣದು ಎಂದರು. ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇನೆ ಎಂದಾಗ ಒಪ್ಪಿದರು. ಈಗ ಅದನ್ನೇ ಬರೆಯುತ್ತಾ ಕುಳಿತಿದ್ದೇನೆ, ಹನ್ನೊಂದನೆಯ ವಚನದಲ್ಲಿದ್ದೇನೆ.